ಉಪ್ಪು ನೋಡುವವಳು

ದೊಡ್ಡ ಕೆಲಸವೊಂದು ಮುಗಿದು, ಪುಸ್ತಕ ತುಂಬಿದ ಗಾಡಿ ಅಂಗಡಿಯ ಮುಂದಿನಿಂದ ಹೊರಟಿತೆಂದರೆ ಸಾಕು, ಒಳಗಿದ್ದವರ ಕೈಕಾಲಿಗೆ ಎಲ್ಲಿಲ್ಲದ ಚುರುಕು ಬರುತ್ತಿತ್ತು. ಒಬ್ಬರು ಉದ್ದನೆಯ ಕೆಲಸದ ಮೇಜಿಗೆ ಬಿಸಿನೀರು ಸುರಿದು ಉಜ್ಜುವರು, ಇನ್ನೊಬ್ಬರು ಅದರ ಮೇಲೆ ದೊಡ್ಡ ಖಾಲಿ ಹಾಳೆ ಹಾಸುವರು, ಮತ್ತೊಬ್ಬರು ತಟ್ಟೆ ಹುಡುಕುವ ನೆಪದಲ್ಲಿ ಒಲೆಯ ಬಳಿ ಸುಳಿದಾಡುವರು. ಇಷ್ಟು ದಿನ ಬೆನ್ನು ಬಗ್ಗಿಸಿ ದುಡಿದ ಮೇಜಿನ ಸುತ್ತಲೇ ಅಂದು ಬೆನ್ನು ನೆಟ್ಟಗೆ ಮಾಡಿ ಕೂತು ಉಣ್ಣಬೇಕು. ಅದು ಆ ಬೈಂಡಿಂಗ್ ಅಂಗಡಿಯ ಪದ್ಧತಿ. ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿರಲಿಲ್ಲ, ನಿಲ್ಲಿಸುವ ಧೈರ್ಯ ಮಾಲೀಕರಿಗೂ ಇರಲಿಲ್ಲ.

ಅಡುಗೆ ಅಂಟಣ್ಣನದು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಿಂದಿನ ಕೋಣೆಯ ಒಲೆ ಹಚ್ಚಿ, ಹಿಟ್ಟು ಕದಡಿ ಅಂದಿನ ಅಂಟು ಕಾಯಿಸುವುದು ಅವನ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಅಂಟು ಗಂಟಾಗದಂತೆ ತಿರುವಲು ಬರುವವನಿಗೆ ಅಡುಗೆ ಬಾರದೇ ಇರುತ್ತದೆಯೇ ಎಂದು ಯಾರೋ ಹಿಂದೊಮ್ಮೆ ಸೌಟು ಕೊಟ್ಟರಂತೆ. ಕೊಟ್ಟ ಸೌಟನ್ನು ಅವನು ಮತ್ತೆ ಯಾರ ಕೈಗೂ ಕೊಡಲಿಲ್ಲ. ಅವನ ಕೈರುಚಿಗೆ ಯಾರೂ ಹೆಸರಿಡುವಂತಿರಲಿಲ್ಲ, ಒಂದು ಉಪ್ಪಿನ ವಿಷಯ ಬಿಟ್ಟು. ಉಪ್ಪು ಮಾತ್ರ ಅವನಿಗೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅದಕ್ಕೇ ದಾರದಕ್ಕ ಇದ್ದದ್ದು.

ದಾರದಕ್ಕ ಎಂದರೆ ಪುಸ್ತಕ ಹೊಲಿಯುವವಳು. ಮಡಿಸಿದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆನ್ನಿಗೆ ದಾರ ಹಾಕಿ, ಮೊದಲ ಹಾಳೆಗೂ ಕೊನೆಯ ಹಾಳೆಗೂ ಅಂಟು ಸವರಿ ಮುಂದಕ್ಕೆ ದಾಟಿಸುವುದು ಅವಳ ಪಾಲಿನ ಕೆಲಸ. ಮದುವೆಗೆ ಮುಂಚೆಯೇ ಸೇರಿದವಳು. ಸೂಜಿ ಹಿಡಿಯಲು ಕಲಿಸಿದವನು ಅಂಟಣ್ಣನೇ. "ದಾರದ ತುದೀನ ತುಟಿಯಲ್ಲಿ ಒಂಚೂರು ಒದ್ದೆ ಮಾಡ್ಕೋ ತಂಗಿ, ಸೂಜಿ ತಾನಾಗಿ ಬಾಯಿ ಬಿಡುತ್ತೆ" ಎಂದಿದ್ದ. ಊಟದ ದಿನ ಸಾರು ಕುದಿಯುವ ಹೊತ್ತಿಗೆ ಒಳಗಿನಿಂದ "ತಂಗೀ, ಉಪ್ಪು ನೋಡು" ಎಂದು ಕೂಗು ಬರುತ್ತಿತ್ತು. ಅವಳು ಹೋಗಿ ಅಂಗೈ ಚಾಚುವಳು, ಅವನು ಸೌಟಿನಿಂದ ಒಂದು ಹನಿ ಬಿಡುವನು, ಅವಳು ನೆಕ್ಕಿ ಕಣ್ಣು ಮುಚ್ಚುವಳು. ಆ ಗಳಿಗೆಯಲ್ಲಿ ಅವನ ಮುಖ ನೋಡಬೇಕು, ಪರೀಕ್ಷೆ ಬರೆದ ಹುಡುಗನ ಮುಖ. ಕಟಿಂಗ್ ಮೆಷಿನ್ನಿನ ಮುಂದೆ ಕೂರುವ, ಕತ್ತರಿ ಎಂದೇ ಎಲ್ಲರೂ ಕರೆಯುವವನು ಅಲ್ಲಿಂದಲೇ, "ಏನಾಯ್ತು, ತೀರ್ಪು ಬಂತಾ?" ಎಂದು ಕೇಳುವನು.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ದಾರದಕ್ಕನ ಹೊಟ್ಟೆ ಮುಷ್ಕರ ಹೂಡಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಬಾಚಣಿಗೆಯ ತುಂಬ ಕೂದಲು, ಮೆಟ್ಟಿಲು ಹತ್ತಿದರೆ ಏದುಸಿರು. ಬಹಳ ಓಡಾಟದ ನಂತರ ಡಾಕ್ಟರು ಕಾಯಿಲೆಗೊಂದು ಉದ್ದನೆಯ ಹೆಸರು ಹೇಳಿ, ಅದರ ಅರ್ಥವನ್ನು ಚುಟುಕಾಗಿ ಬಿಡಿಸಿದರು. ಗೋಧಿ ಆಗದು. ರವೆ, ಮೈದಾ, ಬ್ರೆಡ್ಡು, ಬಿಸ್ಕತ್ತು, ಯಾವುದೂ ಆಗದು. ಮಾತ್ರೆಯಿಂದ ವಾಸಿಯಾಗುವುದಲ್ಲ, ಬಾಯಿ ಕಟ್ಟಿದರೆ ಮಾತ್ರ ಸರಿಹೋಗುವುದು, ಅದೂ ಬದುಕಿರುವವರೆಗೆ. ಒಂದು ಚೂರು, ಒಂದು ಪುಡಿ ಒಳಗೆ ಹೋದರೂ ಕರುಳು ಕೆರಳುತ್ತದೆ.

ಮನೆಯಲ್ಲಿ ಅತ್ತೆ ಸೆರಗು ಸಿಕ್ಕಿಸಿ ನಿಂತರು. ಆ ಸಂಜೆಯೇ ಹಿಟ್ಟಿನ ಡಬ್ಬಿಗಳು ಪಕ್ಕದ ಮನೆ ಸೇರಿದವು, ಹಳೆಯ ಲಟ್ಟಣಿಗೆ ಅಟ್ಟ ಸೇರಿತು. ಅವರ ಕಣ್ಣು ತಪ್ಪಿಸಿ ಒಂದು ಗೋಧಿ ಕಾಳೂ ಹೊಸ್ತಿಲು ದಾಟುವಂತಿರಲಿಲ್ಲ. ಬಿಸ್ಕತ್ತಿಲ್ಲದೆ ಬೆಳಗಾಗದ ತಮ್ಮ ಮಗನಿಗೆ, "ತಿನ್ನೋದಿದ್ರೆ ಬೀದಿಯಲ್ಲಿ ತಿಂದು ಬಾಯಿ ತೊಳ್ಕೊಂಡು ಬಾ" ಎಂದು ಅಪ್ಪಣೆಯಾಯಿತು.

ಮನೆಯೇನೋ ಸುಲಭ. ಕಷ್ಟವೆಲ್ಲ ಅಂಗಡಿಯ ಊಟದ ದಿನ. ಮನುಷ್ಯರಿಗೆ ಇನ್ನೊಬ್ಬರ ಹೊಟ್ಟೆಯ ಮೇಲೆ ಎಷ್ಟು ಅಧಿಕಾರ ಎಂಬುದು ಏನಾದರೂ ಬೇಡ ಎಂದಾಗಲೇ ತಿಳಿಯುವುದು. "ಚೂರು ತಿಂದ್ರೆ ಏನಾಗುತ್ತೆ?" ಎಂದರು. "ನಮ್ಮ ಕಾಲದಲ್ಲಿ ಇಂಥ ಕಾಯಿಲೆನೇ ಇರ್ಲಿಲ್ಲಪ್ಪ" ಎಂದರು. ಕತ್ತರಿಗೆ ಮಗಳು ಹುಟ್ಟಿದಾಗ ಅವನು ಕೇಕಿನ ತಟ್ಟೆ ಹಿಡಿದು ಎದುರಿಗೇ ನಿಂತುಬಿಟ್ಟ. "ನನ್ನ ಮಗಳ ಹೆಸರಲ್ಲಿ ಒಂದು ಚೂರು. ಇಲ್ಲ ಅಂದ್ರೆ ನಂಗೆ ಬೇಜಾರಾಗುತ್ತೆ." ಅವನ ಬೇಜಾರಿಗೆ ಹೆದರಿ ತಿಂದಳು. ಎದ್ದು ಓಡಾಡುವಂತಾಗಲು ಒಂದು ವಾರ ಹಿಡಿಯಿತು. ಕತ್ತರಿ ಬಂದು ಅತ್ತೆಯ ಬಾಯಿಂದ ಮನದಣಿಯೆ ಬೈಸಿಕೊಂಡು ಹೋದ.

ಆಮೇಲೆ ಅವಳು ಮನೆಯಿಂದ ಡಬ್ಬಿ ತರತೊಡಗಿದಳು. ತನ್ನ ಡಬ್ಬಿ, ತನ್ನ ಚಮಚ, ಮೇಜಿನ ಒಂದು ತುದಿ. ಅಂಟಣ್ಣ ಬಡಿಸುತ್ತ ಬಡಿಸುತ್ತ ಅವಳ ಬಳಿ ಬಂದಾಗ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಹಾಗೇ ಹಿಂದಿರುಗುತ್ತಿದ್ದ. "ಉಪ್ಪು ನೋಡು" ಎಂಬ ಕೂಗು ನಿಂತುಹೋಯಿತು. ಸಾರಿಗೆ ಗೋಧಿಹಿಟ್ಟು ಹಾಕಿ ಮಂದ ಮಾಡುತ್ತಿದ್ದನಲ್ಲ, ಹೇಗೆ ತಾನೇ ಕೂಗಿಯಾನು? ಹಾಗೆಂದು ಬೇರೆಯವರನ್ನೂ ಕರೆಯಲಿಲ್ಲ. ಒಂದು ಸಲ ಸಪ್ಪೆ, ಒಂದು ಸಲ ಸಮುದ್ರ. ಎಲ್ಲರೂ ತಲೆ ತಗ್ಗಿಸಿ ಉಂಡು ನೀರು ಕುಡಿಯುತ್ತಿದ್ದರು.

ಇಷ್ಟೆಲ್ಲ ಬಾಯಿ ಕಟ್ಟಿದರೂ ಅವಳಿಗೆ ಗುಣವಾಗಲಿಲ್ಲ, ಅದೇ ದೊಡ್ಡ ಸಂಕಟ. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನೀವು ಎಲ್ಲೋ ಗೋಧಿ ತಿಂತಿದ್ದೀರಿ." ಇಲ್ಲವೆಂದು ಅವಳು ಆಣೆ ಇಟ್ಟು ಹೇಳಿದಳು. ಡಾಕ್ಟರು ನಂಬಿದಂತೆ ತಲೆಯಾಡಿಸಿದರು, ನಂಬಲಿಲ್ಲ. ಅತ್ತೆ ಮಾತ್ರ ನಂಬಿದರು. ನಂಬಿದ್ದರಿಂದಲೇ ಅವರ ಲೆಕ್ಕ ಸ್ಪಷ್ಟವಾಗಿತ್ತು. "ಮನೆಯಲ್ಲಿ ಇಲ್ಲ. ಹಾಗಾದ್ರೆ ಇನ್ನೆಲ್ಲಿ? ಆ ಅಂಗಡಿಯಲ್ಲೇ. ತಟ್ಟೆಯಲ್ಲೋ, ಗಾಳಿಯಲ್ಲೋ, ಆ ಅಂಟಣ್ಣನ ಸೌಟಲ್ಲೋ, ಯಾವುದಾದ್ರೂ ಇರ್ಲಿ. ಕೆಲಸ ಬಿಟ್ಬಿಡು ಕಣಮ್ಮ. ನೀನಿದ್ರೆ ತಾನೇ ಕೆಲಸ?"

ದಾರದಕ್ಕನಿಗೂ ಒಳಗೊಳಗೇ ಅದೇ ಅನುಮಾನ ಹೊಕ್ಕಿತ್ತು. ಊಟದ ದಿನ ಮೇಜಿನ ತುದಿಯಿಂದ ಕಿಟಕಿಯ ಬಳಿಗೆ ಸರಿದಳು, ಕಿಟಕಿಯಿಂದ ಬಾಗಿಲ ಹೊರಗಿನ ಮೆಟ್ಟಿಲಿಗೆ. ಅಂಟಣ್ಣ ಮಾಡಿಕೊಟ್ಟ ಚಹಾದ ಲೋಟವನ್ನು ಅವನ ಕಣ್ಣೆದುರೇ ಮತ್ತೆ ತೊಳೆದಳು. ಅವನು ನೋಡಿಯೂ ನೋಡದಂತೆ ಮುಖ ತಿರುಗಿಸಿದ. ತನ್ನ ಬಗ್ಗೆಯೇ ಅವಳಿಗೆ ನಾಚಿಕೆಯಾಯಿತು. ಆದರೂ ಲೋಟ ತೊಳೆಯುವುದನ್ನು ಬಿಡಲಿಲ್ಲ.

ಕೊನೆಗೆ ಅತ್ತೆಗೆ ಮಾತು ಕೊಟ್ಟಳು. ಅಂಗಡಿಯಲ್ಲಿ ಆಗ ಒಂದು ಗ್ರಂಥಾಲಯದ ಹಳೆಯ ಪುಸ್ತಕಗಳಿಗೆಲ್ಲ ಹೊಸ ಹೊಲಿಗೆ ಹಾಕುವ ಕೆಲಸ ನಡೆಯುತ್ತಿತ್ತು. ಅದು ಮುಗಿದ ದಿನ ಕೆಲಸ ಬಿಡುವುದು ಎಂದು. ಮಾತು ಕೊಟ್ಟ ಮೇಲೆ ಹೊಟ್ಟೆನೋವಿಗಿಂತ ದೊಡ್ಡ ನೋವು ಶುರುವಾಯಿತು. ಬಿಡಿ ಹಾಳೆಗಳು ತನ್ನ ಕೈಯಲ್ಲಿ ಪುಸ್ತಕವಾಗುವುದನ್ನು ನೋಡುತ್ತಿದ್ದರೆ ಅವಳಿಗೆ ಬೇರೆ ಲೋಕ ಬೇಕಿರಲಿಲ್ಲ. ಅದನ್ನು ಬಿಟ್ಟು ಮನೆಯಲ್ಲಿ ಕೂತು ಏನು ಹೊಲಿಯುವುದು, ಗಂಡನ ಅಂಗಿಯ ಗುಂಡಿಯೇ?

ಸುದ್ದಿಯನ್ನು ಮೊದಲು ಅಂಟಣ್ಣನಿಗೇ ಹೇಳಿದಳು. ಅವನು ಅಂಟು ತಿರುವುತ್ತಿದ್ದ.

"ಯಾಕೆ?"

"ಆರೋಗ್ಯ ಅಣ್ಣ. ಇಲ್ಲೇ ಎಲ್ಲೋ ಗೋಧಿ ಹೊಟ್ಟೆ ಸೇರ್ತಿದೆಯಂತೆ."

"ಇಲ್ಲೇ ಅಂದ್ರೆ ನನ್ನ ಅಡುಗೆಯಿಂದ."

"ನಾನು ಹಾಗಂದ್ನಾ?"

"ಲೋಟ ತೊಳೆದಾಗ್ಲೇ ಅಂದೆ ಬಿಡು" ಎಂದು ಅವನು ಒಲೆಯ ಕಡೆ ತಿರುಗಿದ. ಅಂದು ಅಂಟು ಗಂಟು ಗಂಟಾಗಿತ್ತು. ಅಂಗಡಿಯ ಚರಿತ್ರೆಯಲ್ಲೇ ಮೊದಲ ಸಲ ಎಂದು ಕತ್ತರಿ ಹೇಳಿಕೊಂಡು ತಿರುಗಿದ.

ಅವನು ಸಿಟ್ಟು ಮಾಡಿಕೊಂಡಿದ್ದಾನೆಂದು ಅವಳು ತಿಳಿದಳು. ಸಿಟ್ಟೇನೋ ಹೌದು, ಆದರೆ ಆ ಸಿಟ್ಟು ಭಾನುವಾರ ಶುಭ್ರವಾದ ಅಂಗಿ ತೊಟ್ಟು, ಅವಳು ಇಲ್ಲದ ಹೊತ್ತು ನೋಡಿ, ಅತ್ತೆಯ ಮುಂದೆ ಕೈಕಟ್ಟಿ ನಿಂತಿತ್ತು. "ಅಮ್ಮಾ, ನಂಗೆ ಹೇಳ್ಕೊಡಿ. ಅವಳು ಹೋಗೋ ದಿನ ನನ್ನ ಕೈಯಿಂದ ಒಂದು ತುತ್ತು ಉಂಡು ಹೋಗ್ಲಿ." ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅಪರಾಧಿ ತಾನಾಗಿ ಮನೆಗೆ ಬಂದರೆ ಬಿಡುತ್ತಾರೆಯೇ? ಕೂರಿಸಿ ಪಾಠ ಮಾಡಿದರು. ಪಾತ್ರೆ ಹೊಸದಾಗಬೇಕು. ಸೌಟು ಹೊಸದಾಗಬೇಕು. ಬ್ರೆಡ್ಡು ಕುಯ್ದ ಚಾಕು ತರಕಾರಿಗೆ ತಾಗಬಾರದು. ಹಿಟ್ಟು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೀಬೇಕು, ಸುಮ್ಮನೆ ಒರೆಸಿದರೆ ಆಗದು. ಬೆರಳಿಗೆ ಅಂಟಿದ ಪುಡಿ ಬಾಯಿಗೆ ಹೋದರೂ ಮುಗಿಯಿತು. ಅವನು ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದ. ಹೊರಡುವಾಗ ಅತ್ತೆ, "ಅವಳಿಗೆ ಹೇಳಲ್ಲ ಬಿಡಿ" ಎಂದರು. ಅಷ್ಟರ ಮಟ್ಟಿಗೆ ಕರಗಿದ್ದರು.

ಗ್ರಂಥಾಲಯದ ಪುಸ್ತಕಗಳು ಗಾಡಿಯೇರಿದ ದಿನ ಬಂದೇ ಬಂತು. ಮೇಜು ತೊಳೆದು ಹಾಳೆ ಹಾಸಿದರು. ದಾರದಕ್ಕ ತನ್ನ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಡಬ್ಬಿ ಹಿಡಿದು ಮೆಟ್ಟಿಲ ಕಡೆ ಹೊರಟಿದ್ದಳು.

"ಆ ಡಬ್ಬಿ ಇಡು ಅಲ್ಲಿ" ಎಂದ ಅಂಟಣ್ಣ. "ಇವತ್ತು ಇಲ್ಲಿ ಕೂತ್ಕೋ."

ಎಲ್ಲರೂ ಜರುಗಿ ಮಾಡಿದ ಜಾಗದಲ್ಲಿ ಅವಳು ಕೂತಳು. ಅವನು ಒಳಗಿನಿಂದ ಎರಡೂ ಕೈಯಲ್ಲಿ ಒಂದು ಪಾತ್ರೆ ಹಿಡಿದು ತಂದ. ಹೊಚ್ಚಹೊಸದು, ಇನ್ನೂ ಮುಖ ಕಾಣುವಷ್ಟು ಹೊಳಪಿತ್ತು. ತಂದು ಅವಳೆದುರು ಇಟ್ಟು, ಪಕ್ಕದಲ್ಲಿ ಹೊಸ ಸೌಟು, ಹೊಸ ತಟ್ಟೆ, ಹೊಸ ಚಮಚ ಜೋಡಿಸಿದ.

"ತರಕಾರಿ ಹಾಕಿದ ಅನ್ನ. ಮನೆಯಲ್ಲೇ ಮಾಡಿದ್ದು. ನಿನ್ನೆಯಿಂದ ನಮ್ಮನೆಯಲ್ಲಿ ಯಾರೂ ಬ್ರೆಡ್ಡು ಮುಟ್ಟಿಲ್ಲ. ನಿಮ್ಮತ್ತೆ ಹತ್ರ ಪಾಸಾಗಿ ಬಂದಿದ್ದೀನಿ, ಬೇಕಾದ್ರೆ ಕೇಳು. ಇಲ್ಲಿ ಎಲ್ಲ ಕಡೆ ಬ್ರೆಡ್ಡಿನ ಚೂರು ಹಾರಾಡುತ್ತೆ ಅಂತ ಬೆಳಿಗ್ಗೆ ಬಂದ ತಕ್ಷಣ ಮುಚ್ಚಳಕ್ಕೆ ಸೀಲು ಮಾಡ್ಬಿಟ್ಟೆ. ಗಾಳಿನೂ ಒಳಗೆ ಹೋಗಲ್ಲ. ನೀನೇ ಬಿಚ್ಚು."

ಹೌದು, ಪಾತ್ರೆಗೂ ಮುಚ್ಚಳಕ್ಕೂ ಸೇರಿಸಿ ಸುತ್ತ ಒಂದು ಕಾಗದದ ಪಟ್ಟಿ ಅಂಟಿಸಿದ್ದ. ಪುಸ್ತಕದ ಬೆನ್ನಿಗೆ ಅಂಟಿಸಿದಷ್ಟು ಅಚ್ಚುಕಟ್ಟು, ಒಂದು ಸುಕ್ಕಿಲ್ಲ. ಅಷ್ಟು ಜನರ ಮಧ್ಯೆ ಅವಳ ಕಣ್ಣು ತುಂಬಿ ಬಂತು. ಇಂಥ ಮನುಷ್ಯನ ಲೋಟ ತೊಳೆದೆನಲ್ಲ ಎಂದುಕೊಂಡಳು. ಪಟ್ಟಿಯ ತುದಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದಳು. ಒಣಗಿದ ಅಂಟು ಬಿಳಿ ಹೊಟ್ಟಿನಂತೆ ಎದ್ದು ಬೆರಳಿಗೆ ಹತ್ತಿತು. ತುದಿ ಏಳಲಿಲ್ಲ. ಹಾಳೆ ಏಳದಿದ್ದರೆ ಬೈಂಡಿಂಗ್ ಅಂಗಡಿಯವರು ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು. ಬೆರಳು ಒದ್ದೆ ಮಾಡಿಕೊಳ್ಳಲು ನಾಲಿಗೆಗೆ ಒಯ್ದಳು.

"ಬಾಯಿಗೆ ಹಾಕ್ಬೇಡ!"

ಅಂಟಣ್ಣ ಕೂಗಿದ ಹೊಡೆತಕ್ಕೆ ಕತ್ತರಿಯ ಕೈಯಿಂದ ಲೋಟ ಬಿತ್ತು. ಅವಳ ಬೆರಳು ತುಟಿಯ ಹತ್ತಿರವೇ ನಿಂತಿತು. ಅವನು ಅವಳ ಬೆರಳನ್ನೇ ನೋಡುತ್ತಿದ್ದ. ಅತ್ತೆಯ ಪಾಠ ಒಪ್ಪಿಸುವಾಗ ಇದ್ದ ಧೈರ್ಯ ಮುಖದಿಂದ ಇಳಿದುಹೋಗಿತ್ತು.

"ಮೈದಾ" ಎಂದ ಮೆಲ್ಲಗೆ. "ಅದು ಮೈದಾ ಅಂಟು. ನಾನೇ ಮೈದಾ ಮೆತ್ತಿ ತಂದಿದ್ದೀನಿ."

ಇಷ್ಟು ದಿನ ಕಣ್ಣೆದುರಿಗಿದ್ದದ್ದು ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಾಣಲಿಲ್ಲ. ಅಂಟು ಅವರಿಗೆ ಅಂಟು, ರಟ್ಟಿನಂತೆ, ದಾರದಂತೆ ಒಂದು ಸಾಮಾನು. ಅದು ಅಡುಗೆಮನೆಯ ಹಿಟ್ಟಿನಿಂದಲೇ ಆಗುವುದೆಂದು ಗೊತ್ತಿದ್ದೂ ಯಾರೂ ಅದನ್ನು ತಿನ್ನುವ ಪದಾರ್ಥದ ಸಾಲಿಗೆ ಸೇರಿಸಿರಲಿಲ್ಲ. ಡಾಕ್ಟರು ಏನು ತಿಂದಿರಿ ಎಂದು ಕೇಳಿದರೇ ಹೊರತು, ಕೈಯಲ್ಲಿ ಏನು ಮುಟ್ಟುತ್ತೀರಿ ಎಂದು ಕೇಳಲಿಲ್ಲ.

ದಾರದಕ್ಕ ನಿಧಾನವಾಗಿ ತಿರುಗಿ ತನ್ನ ಕೆಲಸದ ಜಾಗ ನೋಡಿದಳು. ಅಂಟಿನ ಬಟ್ಟಲು ಅಲ್ಲೇ ಇತ್ತು, ಬ್ರಷ್ಷು ಅಲ್ಲೇ ಇತ್ತು, ಬಟ್ಟಲ ಪಕ್ಕದಲ್ಲೇ ದಾರದ ಉಂಡೆ. ಅಂಟು ಸವರಿದ ಬೆರಳಿನಿಂದಲೇ ದಾರ ಎಳೆಯುವುದು. ಆ ದಾರದ ತುದಿಯನ್ನೇ ತುಟಿಯಲ್ಲಿ ಒದ್ದೆ ಮಾಡುವುದು, ಪ್ರತಿಯೊಂದು ಸಲ ಸೂಜಿ ಪೋಣಿಸುವಾಗ. ಹೆಬ್ಬೆರಳು ನೆಕ್ಕಿ ಹಾಳೆ ತಿರುವುವುದು. ಎರಡೂ ಕೈ ಕೆಲಸದಲ್ಲಿದ್ದರೆ ಹಾಳೆ ಮಡಿಸುವ ಮೂಳೆಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ಎಂದೋ ಒಮ್ಮೆ ಬರುವ ಊಟಕ್ಕೆ ಹೆದರಿ ಮೆಟ್ಟಿಲ ಮೇಲೆ ಕೂತವಳು ದಿನವಿಡೀ ಇಲ್ಲಿ ಕೂತು ಚೂರು ಚೂರೇ ಮೈದಾ ತಿಂದಿದ್ದಳು.

"ನಿನ್ನ ಸೌಟಲ್ಲ ಅಣ್ಣ" ಎಂದಳು. "ನಾನು ನಿನ್ನ ಸೌಟಿನ ಮೇಲೆ ಅನುಮಾನ ಪಟ್ಟೆ."

"ದಾರ ಬಾಯಿಗೆ ಹಾಕು ಅಂತ ಕಲ್ಸಿದ್ದೂ ನಾನೇ, ಅಂಟು ಕಾಯ್ಸಿದ್ದೂ ನಾನೇ" ಎಂದ ಅವನು, ಸ್ಟೂಲಿನ ಮೇಲೆ ಕುಸಿದು. "ಸೌಟನ್ನ ಬಿಟ್ರೆ ಮಿಕ್ಕಿದ್ದೆಲ್ಲ ನಂದೇ."

ಆ ಪಾತ್ರೆಯ ಅನ್ನವನ್ನು ಅವಳು ಉಣ್ಣಲಿಲ್ಲ. ಕಾಗದದ ಕೆಳಗೆ ಅಂಟು ಪಾತ್ರೆಯ ಕಂಠಕ್ಕೂ ಇಳಿದಿತ್ತು. ಒಂದು ತುತ್ತು ಉಂಡು ಅವನನ್ನು ಸಮಾಧಾನ ಮಾಡೋಣವೇ ಎಂದು ಮನಸ್ಸೇನೋ ಎಳೆಯಿತು, ಆದರೆ ಕೇಕಿನ ವಾರ ನೆನಪಿತ್ತು. "ನಂಗೆ ಬೇಡ ಅಣ್ಣ" ಎಂದು ನೇರವಾಗಿ ಹೇಳಿದಳು. ಅವನೂ ಮೊದಲ ಸಲ ಆ ಮಾತಿಗೆ ಮುಖ ತಿರುಗಿಸಲಿಲ್ಲ. ಅವಳು ಕೈ ತೊಳೆದು ಬಂದು, ಮೇಜಿನ ನಡುವೆ ಅವನ ಪಕ್ಕದಲ್ಲೇ ಕೂತು ಡಬ್ಬಿ ಬಿಚ್ಚಿದಳು. ಅವಳಿಗಾಗಿ ಮಾಡಿದ ಅನ್ನವನ್ನು ಉಳಿದವರು ಹಂಚಿಕೊಂಡರು. ಕತ್ತರಿ ಒಂದು ತುತ್ತು ಬಾಯಿಗಿಟ್ಟು, ಕಣ್ಣರಳಿಸಿ, ನೀರಿಗೆ ಕೈ ಚಾಚಿದ. "ಇದನ್ನ ತಿಂದಿದ್ರೆ ಮೈದಾ ಬೇಕೇ ಇರ್ಲಿಲ್ಲ ಅಕ್ಕ, ಉಪ್ಪೇ ಸಾಕಿತ್ತು" ಎಂದ. ನಗಬಾರದೆಂದುಕೊಂಡಿದ್ದ ಅಂಟಣ್ಣನೂ ನಕ್ಕುಬಿಟ್ಟ.

ಮರುದಿನ ಅವಳು ಬಂದಾಗ ಅತ್ತೆಯೂ ಜೊತೆಗಿದ್ದರು. ನಡೆದದ್ದನ್ನೆಲ್ಲ ಕೇಳಿ, ಕಣ್ಣಾರೆ ನೋಡದೆ ನಾನು ಒಪ್ಪುವವಳಲ್ಲ ಎಂದು ಹೊರಟು ಬಂದವರು ಅವರು. ಹಿಂದಿನ ಕೋಣೆಯಲ್ಲಿ ಅಂಟಣ್ಣ ಅದೇ ಹೊಸ ಪಾತ್ರೆಯನ್ನು ತಿಕ್ಕಿ ತೊಳೆದು ಒಲೆಯ ಮೇಲಿಟ್ಟು, ಅಕ್ಕಿಹಿಟ್ಟು ಕದಡುತ್ತಿದ್ದ. ಮೈದಾದ ಚೀಲ ಕಾಣೆಯಾಗಿತ್ತು. ಎಲ್ಲರ ಅಂಟಿನ ಬಟ್ಟಲೂ ಬ್ರಷ್ಷೂ ಹೊಸವು. "ಅವಳೊಬ್ಬಳಿಗೆ ಬೇರೆ ಮಾಡಿದ್ರೆ ಪಕ್ಕದವರ ಅಂಟು ಸಿಡಿಯುತ್ತೆ. ಎಲ್ರಿಗೂ ಇದೇ" ಎಂದ. ಪುಸ್ತಕ ಬಿಚ್ಚಿಕೊಳ್ಳದಿದ್ದರೆ ಯಾವ ಹಿಟ್ಟಾದರೇನು ಎಂದಿದ್ದರು ಮಾಲೀಕರು.

ಅತ್ತೆ ಬಗ್ಗಿ ಪಾತ್ರೆಯೊಳಗೆ ನೋಡಿದರು. "ಈ ಅಕ್ಕಿ ಎಲ್ಲಿ ಬೀಸಿಸಿದ್ರಿ?"

"ಮೂಲೆಯ ಗಿರಣಿಯಲ್ಲಿ."

"ಅಲ್ಲಿ ಗೋಧಿ ಬೀಸಲ್ವಾ?"

ಅಂಟಣ್ಣ ಕದಡುವುದನ್ನು ನಿಲ್ಲಿಸಿದ. ಪಾತ್ರೆ ಎತ್ತಿ ಹಿತ್ತಿಲಿಗೆ ಒಯ್ದು ಸುರಿದು ಬಂದು, ಮತ್ತೆ ತಿಕ್ಕಲು ಕೂತ. ಅತ್ತೆ ಇಡೀ ಅಕ್ಕಿ ತರಿಸಿ, ತೊಳೆಸಿ, ಮೆತ್ತಗೆ ಮುದ್ದೆಯಾಗುವವರೆಗೆ ಬೇಯಿಸಲು ಹಚ್ಚಿ, ಬಟ್ಟೆಯಲ್ಲಿ ಹಿಂಡಿ ಸೋಸುವುದನ್ನು ತೋರಿಸಿದರು. ಮೊದಲ ಸಲದ್ದು ನೀರಾಯಿತು, ಆಮೇಲಿನದು ರಟ್ಟು ಹಿಡಿಯಲೊಲ್ಲದು. ಮಧ್ಯಾಹ್ನದ ಹೊತ್ತಿಗೆ ಅಂಟಿಸಿದ ಎರಡು ಪಟ್ಟಿಗಳನ್ನು ಕತ್ತರಿ ಎಷ್ಟು ಎಳೆದರೂ ಕಾಗದ ಹರಿಯಿತೇ ವಿನಾ ಅಂಟು ಬಿಡಲಿಲ್ಲ. ಅಂಟಣ್ಣ ಗೆದ್ದವನಂತೆ ಅತ್ತೆಯ ಕಡೆ ನೋಡಿದ. ಅತ್ತೆ, "ಮುಂದಿನ ರಕ್ತಪರೀಕ್ಷೆವರೆಗೆ ನೋಡ್ತೀನಿ. ಅದೂ ಮೊದಲಿನ ಹಾಗೇ ಬಂದ್ರೆ ನನ್ನ ಸೊಸೆ ಮನೆಗೆ" ಎಂದರು. ಅವಳ ತುಟಿಯ ಅಭ್ಯಾಸಕ್ಕೂ ಬೀಗ ಬಿತ್ತು. ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡು ದಾರ ನೆನೆಸಲು ಕಲಿತಳು.

ಆಮೇಲೆ ಕಾಯುವ ಕೆಲಸ. ತಿಂಗಳುಗಳು ಹೋದವು. ಬಾಚಣಿಗೆಯಲ್ಲಿ ಕೂದಲು ಕಡಿಮೆಯಾಯಿತು, ಮೆಟ್ಟಿಲು ಮೊದಲಿನಷ್ಟು ಎತ್ತರ ಅನಿಸಲಿಲ್ಲ. ಆದರೂ ಆಸೆ ಪಡಲು ಹೆದರಿಕೆ. ಪರೀಕ್ಷೆಯ ಚೀಟಿ ಬಂದ ಬೆಳಿಗ್ಗೆ ಡಾಕ್ಟರು ಅದನ್ನು ಓದಿ, ಕನ್ನಡಕ ತೆಗೆದು, "ತುಂಬಾ ಇಳಿದಿದೆ. ಏನು ತಿನ್ನೋದು ಬಿಟ್ರಿ?" ಎಂದು ಕೇಳಿದರು. "ಅಂಟು" ಎಂದಳು ದಾರದಕ್ಕ. ಡಾಕ್ಟರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆ ಮೂಗೊರೆಸಿಕೊಂಡರು.

ಅಲ್ಲಿಂದ ನೇರ ಅಂಗಡಿಗೆ ಬಂದಳು. ಕತ್ತರಿ ಮೆಷಿನ್ನು ನಿಲ್ಲಿಸಿ ಅವಳ ದಾರಿ ಕಾಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಅಂಟಣ್ಣ ಅಂದಿನ ಅಂಟು ತಿರುವುತ್ತಿದ್ದ. ಅವಳು ಬಾಗಿಲಲ್ಲಿ ನಿಂತದ್ದು ಗೊತ್ತಾದರೂ ತಲೆ ಎತ್ತಲಿಲ್ಲ, ಸೌಟು ಮಾತ್ರ ನಿಧಾನವಾಯಿತು.

ಅವಳು ಒಳಗೆ ಹೋಗಿ ಅವನೆದುರು ಅಂಗೈ ಚಾಚಿದಳು.

ಅವನು ಆ ಅಂಗೈ ನೋಡಿದ, ಆಮೇಲೆ ಅವಳ ಮುಖ ನೋಡಿದ. ಬೆಂದ ಅಕ್ಕಿ ಮತ್ತು ನೀರು, ಆ ಪಾತ್ರೆಯಲ್ಲಿ ಬೇರೇನೂ ಇರಲಿಲ್ಲ. ಸೌಟಿನ ತುದಿಯಿಂದ ಒಂದು ಹನಿ ಬಿಟ್ಟು, ಊದಿ ಆರಿಸಿ, "ಉಪ್ಪು ನೋಡು ತಂಗಿ" ಎಂದ.

ಅವಳು ನೆಕ್ಕಿ ಕಣ್ಣು ಮುಚ್ಚಿದಳು.

"ಏನಾಯ್ತು, ತೀರ್ಪು ಬಂತಾ?" ಎಂದು ಹೊರಗಿನಿಂದ ಕತ್ತರಿ ಕೂಗಿದ.

"ಸಪ್ಪೆ" ಎಂದಳು.

"ಹೌದಾ?" ಎಂದ ಅಂಟಣ್ಣ, ಸೌಟು ಒರೆಸುತ್ತ. "ನಾಳೆ ಬಂದಾಗ ಇನ್ನೊಂದು ಸಲ ನೋಡು."